ಓದುಗರ ಪ್ರಶ್ನೆ: ಅರ್ಧಕ್ಕೆ ನಿಂತ ಮಾಯಾಲೋಕ, ಎಂಟು ವರ್ಷ ಕಾದ ಪ್ರೇಮ

ವರ್ಷವಿಡೀ ಫ್ಯಾಂಟಸಿ ಮತ್ತು ಪ್ರಣಯ ಕಾದಂಬರಿ ಓದಿದವರು, ಓದಲು ಹೋಗಿ ನಡುವೆ ಕೈಬಿಟ್ಟವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವು.

ಪ್ರಶ್ನೆ: ಈ ವರ್ಷ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎರಡು ಸಲ ಹಿಡಿದೆ. ಎರಡು ಸಲವೂ ಕಾಡಿನಲ್ಲಿ ಹಾಡು ಹೇಳಿಕೊಂಡು ತಿರುಗುವ ಟಾಮ್ ಬಾಂಬಡಿಲ್ ಹತ್ತಿರ ನಿಂತುಬಿಟ್ಟೆ. ಸಿನಿಮಾ ಮೆಚ್ಚಿದವನಿಗೆ ಪುಸ್ತಕ ಯಾಕೆ ಹಿಡಿಸುತ್ತಿಲ್ಲ? (ದಾವಣಗೆರೆ)

ಉತ್ತರ: ಬಹಳ ಜನ ನಿಲ್ಲುವುದು ಅಲ್ಲೇ. 1937ರಲ್ಲಿ ಬಂದ ‘ದಿ ಹಾಬಿಟ್’ ಮಕ್ಕಳ ಪುಸ್ತಕ. ಅದರ ಮುಂದಿನ ಭಾಗವಾಗಿ ಇದನ್ನು ಬರೆಯಲೆಂದೇ ಲೇಖಕ ಟೋಲ್ಕಿನ್ ಕೂತದ್ದು, ಹಾಗಾಗಿ ಆರಂಭದ ಅಧ್ಯಾಯಗಳಲ್ಲಿ ಅದರ ಆರಾಮದ ನಡಿಗೆ ಉಳಿದಿದೆ. ಉಂಗುರ ಇಟ್ಟುಕೊಂಡಿದ್ದ ಬಿಲ್ಬೋನ ಹುಟ್ಟುಹಬ್ಬಕ್ಕೂ ಕಥಾನಾಯಕ ಫ್ರೋಡೋ ಊರು ಬಿಡುವುದಕ್ಕೂ ನಡುವೆ 17 ವರ್ಷ ಸರಿದುಹೋಗುತ್ತದೆ. ಸಿನಿಮಾದಲ್ಲಿ ಅದು ಗೊತ್ತೇ ಆಗುವುದಿಲ್ಲ, ಬಾಂಬಡಿಲ್ ಅಂತೂ ಅಲ್ಲಿ ಇಲ್ಲವೇ ಇಲ್ಲ.

ಹೀಗೆ ಮಾಡಿ. ಪ್ರವೇಶಿಕೆಯಲ್ಲಿ ಹಾಬಿಟ್ ಎಂಬ ಗಿಡ್ಡ ಜನರ ಹೊಗೆಸೊಪ್ಪಿನ ವಿವರ ಬಿಟ್ಟು, ಉಂಗುರ ಸಿಕ್ಕ ಬಗೆಯ ಭಾಗ ಮಾತ್ರ ಓದಿ. 6 ಮತ್ತು 7ನೇ ಅಧ್ಯಾಯದ ಮೇಲೆ ಕಣ್ಣಾಡಿಸಿದರೆ ಸಾಕು. 8ನ್ನು ಮಾತ್ರ ಬಿಡಬೇಡಿ: ಆ ಹಳೆಯ ಸಮಾಧಿಯಲ್ಲಿ ಫ್ರೋಡೋನ ಗೆಳೆಯ ಮೆರಿಗೆ ಸಿಗುವ ಕತ್ತಿಗೆ ಮೂರನೇ ಸಂಪುಟದ ಯುದ್ಧದಲ್ಲಿ ದೊಡ್ಡ ಕೆಲಸ ಕಾದಿದೆ. 9ರಲ್ಲಿ ಬ್ರೀ ಊರಿನ ಛತ್ರದಂಥ ಹೋಟೆಲು, ಅದರ ಮೂಲೆಯಲ್ಲಿ ಕೂತ ಸ್ಟ್ರೈಡರ್, ಅಂದರೆ ಅರಗಾರ್ನ್. ಅಲ್ಲಿಂದ ಪುಸ್ತಕ ಓಡುತ್ತದೆ.

ಮುಂದೆ ಕಾಲು ಸಿಕ್ಕಿಕೊಳ್ಳುವುದು ಎರಡನೇ ಸಂಪುಟದಲ್ಲಿ. ಅದರ ಮೊದಲರ್ಧದಲ್ಲಿ ಫ್ರೋಡೋನ ಸುದ್ದಿಯೇ ಇಲ್ಲ, ಉತ್ತರಾರ್ಧದಲ್ಲಿ ಅವನು, ಸ್ಯಾಮ್, ಗೊಲ್ಲಮ್ ಬಿಟ್ಟರೆ ಹಳಬರು ಯಾರೂ ಇಲ್ಲ. ಅಂದರೆ ನಡುಪುಸ್ತಕದಲ್ಲಿ ದಿನಗಳು ಹಿಂದಕ್ಕೆ ಹೋಗುತ್ತವೆ. ಗೊಂದಲವಾದರೆ ಅನುಬಂಧ ‘ಬಿ’ ತೆರೆಯಿರಿ, ಯಾವ ದಿನ ಯಾರು ಎಲ್ಲಿದ್ದರು ಎಂಬುದು ತಾರೀಖಿನ ಸಮೇತ ಸಿಗುತ್ತದೆ. ಕೊನೆಯಲ್ಲಿ ಅರಗಾರ್ನ್–ಅರ್ವೆನ್ ಮದುವೆ ದಿಢೀರನೆ ನಡೆದಂತೆ ಅನ್ನಿಸುತ್ತದೆ. ಅವರ ಪ್ರೇಮಕಥೆ ಅನುಬಂಧ ‘ಎ’ಯಲ್ಲಿ ಕೆಲವೇ ಪುಟಗಳಲ್ಲಿದೆ. ನಮ್ಮ ಮಟ್ಟಿಗೆ ಮೂರೂ ಸಂಪುಟಗಳಲ್ಲಿ ಅತ್ಯಂತ ದುಃಖದ ಪುಟಗಳು ಅವು. ಅನುಬಂಧ ಕತ್ತರಿಸಿದ ಮುದ್ರಣವೂ ಇರಬಹುದು, ಕೊಳ್ಳುವಾಗ ಪರಿವಿಡಿ ನೋಡಿ.

ಪ್ರಶ್ನೆ: ಟೆರ್ರಿ ಪ್ರಾಚೆಟ್‌ನ ಡಿಸ್ಕ್‌ವರ್ಲ್ಡ್ 41 ಕಾದಂಬರಿಯಂತೆ. ಒಂದರಿಂದಲೇ ಶುರು ಮಾಡಬೇಕೆ? (ಮೈಸೂರು)

ಉತ್ತರ: ಬೇಡ. ಮೊದಲನೆಯದು (1983) ಬೇರೆ ಫ್ಯಾಂಟಸಿಗಳ ಅಣಕು, ಆ ಮೂಲಗಳನ್ನು ಓದಿರದಿದ್ದರೆ ನಗೆ ಅರ್ಧ ಸೋರಿಹೋಗುತ್ತದೆ. ‘ಗಾರ್ಡ್ಸ್! ಗಾರ್ಡ್ಸ್!’ (1989) ಎತ್ತಿಕೊಳ್ಳಿ, ಅಲ್ಲಿಂದ ನಗರ ಕಾವಲು ಪಡೆಯ ಕಥೆಗಳನ್ನೇ ಹಿಡಿದು ಹೋಗಿ. ಸಾವೇ ಪಾತ್ರವಾಗಿ ಬರುವ ಸಾಲು ಬೇಕಿದ್ದರೆ ‘ಮಾರ್ಟ್’ (1987). ಹೆಚ್ಚಿನವುಗಳಲ್ಲಿ ಅಧ್ಯಾಯ ವಿಭಾಗ ಇಲ್ಲ, ಸಾಲು ಬಿಟ್ಟ ಜಾಗದಲ್ಲಿ ನಿಲ್ಲಿಸುವುದು ರೂಢಿ ಮಾಡಿಕೊಳ್ಳಿ. ಅಡಿಟಿಪ್ಪಣಿ ಹಾರಿಸಿದಿರೋ, ಒಳ್ಳೆಯ ಜೋಕು ತಪ್ಪಿತು.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ಗೆಳತಿಯರ ಮಾತು ಕೇಳಿ ಸಾರಾ ಜೆ. ಮಾಸ್ ಪುಸ್ತಕ ಕೇಳುತ್ತಿದ್ದಾಳೆ. ಮಾಯೆಯೂ ಪ್ರೇಮವೂ ಇರುವ ಬೇರೆ ಏನಾದರೂ? (ಶಿವಮೊಗ್ಗ)

ಉತ್ತರ: ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ (2015) ಹದಿಹರೆಯದವರ ಕಪಾಟಿನಲ್ಲಿ ಕಂಡರೂ ಒಳಗಿನ ಲೈಂಗಿಕ ದೃಶ್ಯಗಳು ದೊಡ್ಡವರಿಗಾಗಿ ಬರೆದಂಥವು, ಎರಡನೇ ಪುಸ್ತಕದಿಂದ ಇನ್ನೂ ಹೆಚ್ಚು. ಕಾಲೇಜಿನವರೆಗೆ ಕಾಯಲಿ. ನವೋಮಿ ನೋವಿಕ್‌ಳ ‘ಅಪ್‌ರೂಟೆಡ್’ ಬಗ್ಗೆಯೂ ಕೇಳಬಹುದು. ಪೋಲೆಂಡಿನ ಜನಪದದ ಮಣ್ಣಿನಿಂದ ಎದ್ದ ಚೆಂದದ ಕಥೆ, ಒಂದೇ ಪುಸ್ತಕದಲ್ಲಿ ಮುಗಿಯುತ್ತದೆ, ಆದರೆ ಅದೂ ದೊಡ್ಡವರದೇ.

ಈಗ ಕೊಡಬಹುದಾದದ್ದು ಡಯಾನಾ ವಿನ್ ಜೋನ್ಸ್‌ಳ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ (1986). ಟೋಪಿ ಅಂಗಡಿಯ ಹಿರಿಮಗಳು ಸೋಫಿ ಶಾಪದಿಂದ ಕ್ಷಣದಲ್ಲೇ ಮುದುಕಿಯಾಗಿ, ಮೊದಲ ಬಾರಿಗೆ ಮನಸ್ಸಿಗೆ ಬಂದದ್ದನ್ನು ಮಾತಾಡಲು ಶುರು ಮಾಡುತ್ತಾಳೆ. ಮಾಂತ್ರಿಕ ಹೌಲ್ ಜೊತೆಗಿನ ಬೈದಾಟದಲ್ಲೇ ಬೆಳೆಯುವ ಪ್ರೇಮ. 2004ರ ಮಿಯಾಝಾಕಿ ಸಿನಿಮಾ ನೋಡಿದ್ದರೂ ಪರವಾಗಿಲ್ಲ: ಅಲ್ಲಿ ಯುದ್ಧವೇ ಕಥೆ, ಪುಸ್ತಕದಲ್ಲಿ ಹೌಲ್‌ನ ಕೋಟೆಯ ಬಾಗಿಲಿನ ಹಿಡಿಯನ್ನು ಕಪ್ಪು ಬಣ್ಣಕ್ಕೆ ತಿರುಗಿಸಿದರೆ ನಮ್ಮದೇ ಜಗತ್ತಿನ ವೇಲ್ಸ್‌ಗೆ ಹೋಗಿ ಬೀಳುತ್ತೇವೆ, ಹೌಲ್‌ನ ತವರು ಅದು.

ಪ್ರಶ್ನೆ: ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಆದ ಮೇಲೆ? (ಧಾರವಾಡ)

ಉತ್ತರ: ಆಸ್ಟೆನ್‌ಳದೇ ‘ಪರ್ಸುಯೇಷನ್’. ಬರೇ 24 ಅಧ್ಯಾಯ. ಹಿರಿಯರ ಮಾತಿಗೆ ಒಪ್ಪಿ ನಿಶ್ಚಯವಾಗಿದ್ದ ಮದುವೆ ಮುರಿದುಕೊಂಡ ಆ್ಯನ್‌ಗೆ ಈಗ 27, ಎಂಟು ವರ್ಷದ ನಂತರ ಅದೇ ಹುಡುಗ ನೌಕಾಪಡೆಯಲ್ಲಿ ದುಡ್ಡು ಮಾಡಿಕೊಂಡು ಎದುರಿಗೆ ಬರುತ್ತಾನೆ. ಮೊದಲ ಮೂರು ಅಧ್ಯಾಯದ ತುಂಬ ಅವಳಪ್ಪನ ಒಣಜಂಬ, ಸಾಲ, ಮನೆ ಬಾಡಿಗೆಗೆ ಕೊಡುವ ಚರ್ಚೆ. ಹಳೆಯ ಪ್ರೇಮದ ಸಂಗತಿ ಹೊರಬೀಳುವುದು ನಾಲ್ಕರಲ್ಲಿ, ಅಲ್ಲಿಯವರೆಗೆ ತಾಳಿ. 23ರಲ್ಲಿ ಒಂದು ಪತ್ರವಿದೆ. ಅದರ ಬಗ್ಗೆ ಮೊದಲೇ ಯಾರಿಂದಲೂ ಕೇಳಿಸಿಕೊಳ್ಳಬೇಡಿ.

ನಂತರ ಆಸ್ಟೆನ್ ಕಾಲದ ಪ್ರೇಮಕಥೆಗಳನ್ನು ಬರೆದ ಜಾರ್ಜೆಟ್ ಹೇಯರ್. ಎಲ್ಲರೂ ‘ದಿ ಗ್ರ್ಯಾಂಡ್ ಸೋಫಿ’ (1950) ಹೇಳುತ್ತಾರೆ, ಆದರೆ ಅದರಲ್ಲಿ ಯಹೂದಿ ಬಡ್ಡಿವ್ಯಾಪಾರಿಯ ಚಿತ್ರಣ ಓದಿದವರ ಬಾಯಿ ಕಹಿಯಾಗುತ್ತದೆ. ‘ಕೊಟಿಲಿಯನ್’ (1953) ಲೇಸು. ಆ ಕಾಲದ ಲಂಡನ್ ಆಡುಮಾತು ಅರ್ಥವಾಗದಿದ್ದರೆ ಡಿಕ್ಷನರಿಗೆ ಕೈ ಹಾಕಬೇಡಿ, ಇಪ್ಪತ್ತು ಪುಟದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಇಂಥದ್ದು ಇಲ್ಲವೆ? (ಬೆಳಗಾವಿ)

ಉತ್ತರ: ಚಂದ್ರಶೇಖರ ಕಂಬಾರರ ‘ಚಕೋರಿ’ ಹಿಡಿಯಿರಿ. ಚಂದಮುತ್ತ ಮತ್ತು ಯಕ್ಷಿಯ ಪ್ರೇಮ. ಕಾವ್ಯವೆಂದು ಹೆದರಬೇಡಿ, ಗಟ್ಟಿಯಾಗಿ ಓದಿದರೆ ನಿಮ್ಮ ಕಡೆಯ ಮಾತೇ ಕೇಳಿಸುತ್ತದೆ. ಆಮೇಲೆ ಅದೇ ಲೋಕದಿಂದ ಮುಂದುವರಿಯುವ ದೊಡ್ಡ ಕಾದಂಬರಿ ‘ಶಿಖರಸೂರ್ಯ’. ಕ್ರಮ ತಿರುವುಮುರುವು ಮಾಡಬೇಡಿ.

ಪ್ರಶ್ನೆ: ಮುಗಿಯದ ಸರಣಿ ಶುರು ಮಾಡುವುದೋ ಬೇಡವೋ? (ಬೆಂಗಳೂರು)

ಉತ್ತರ: ಜಾರ್ಜ್ ಆರ್. ಆರ್. ಮಾರ್ಟಿನ್‌ನ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಐದನೇ ಸಂಪುಟ ಬಂದದ್ದು 2011ರಲ್ಲಿ. ಕಾಯುವುದು ಆಗದವರು ‘ದಿ ವೀಲ್ ಆಫ್ ಟೈಮ್’ ಕಡೆ ಹೋಗಿ: ಲೇಖಕ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರೂ ಅವರ ಟಿಪ್ಪಣಿ ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿದರು. ಒಟ್ಟು 14. ಏಳು ದಾಟಿದ ಮೇಲೆ ಕೆಲವು ಸಂಪುಟ ಎಳೆಯುತ್ತವೆ; ಹತ್ತನೆಯದರಲ್ಲಿ ಬೇಸರವಾಗಿ ಬಿಟ್ಟವರು ಹನ್ನೊಂದನ್ನು ನೇರವಾಗಿ ಎತ್ತಿಕೊಂಡರೂ ದೊಡ್ಡ ನಷ್ಟವಿಲ್ಲ.