ಪ್ರಿನ್ಸ್‌ಟನ್‌ನ ಎಂಪಿಎ ಅರ್ಜಿ: ಪಾಲಿಸಿ ಮೆಮೊ ಹೇಗಿರಬೇಕು, ಗಣಿತ ಎಷ್ಟು ಬೇಕು?

ನೀವು ಕೇಳಿರುವುದು ಎರಡು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಪಬ್ಲಿಕ್ ಅಂಡ್ ಇಂಟರ್‌ನ್ಯಾಷನಲ್ ಅಫೇರ್ಸ್‌ನ ಎರಡು ವರ್ಷದ ಎಂಪಿಎಗೆ (ಮಾಸ್ಟರ್ ಇನ್ ಪಬ್ಲಿಕ್ ಅಫೇರ್ಸ್ ಎಂಬ ಸ್ನಾತಕೋತ್ತರ ಪದವಿ) ಅರ್ಜಿಯ ಜೊತೆ ಕೊಡಬೇಕಾದ ಪಾಲಿಸಿ ಮೆಮೊ, ಅಂದರೆ ಒಂದು ಸಾರ್ವಜನಿಕ ಸಮಸ್ಯೆಗೆ ಪರಿಹಾರ ಸೂಚಿಸಿ ಅಧಿಕಾರದಲ್ಲಿರುವವರಿಗೆ ಬರೆಯುವ ಟಿಪ್ಪಣಿ, ಬರೆಯುವುದು ಹೇಗೆ, ಮತ್ತು ಪದವಿಯಲ್ಲಿ ಗಣಿತ ಓದದವರಿಗೆ ಅಲ್ಲಿ ಕಷ್ಟವಾಗುತ್ತದೆಯೇ. ಮೆಮೊದಿಂದಲೇ ಶುರು ಮಾಡುತ್ತೇನೆ, ಒಳ್ಳೆಯ ಅಭ್ಯರ್ಥಿಗಳೂ ಮುಗ್ಗರಿಸುವುದು ಅಲ್ಲೇ.

ನಾಲ್ಕು ಪುಟ, ಸಾಲುಗಳ ನಡುವೆ ದುಪ್ಪಟ್ಟು ಅಂತರ. ಅಂದರೆ ಜಾಗ ಬಹಳ ಕಡಿಮೆ. ಕಾಲೇಜಿನ ಪ್ರಬಂಧವನ್ನು ಕತ್ತರಿಸಿ ಇದಕ್ಕೆ ಹೊಂದಿಸಲು ಹೋಗಬೇಡಿ. ಪ್ರಬಂಧ ವಾದ ಕಟ್ಟುತ್ತಾ ಕೊನೆಗೆ ತೀರ್ಮಾನಕ್ಕೆ ಬರುತ್ತದೆ, ಮೆಮೊದಲ್ಲಿ ತೀರ್ಮಾನ ಮೊದಲ ಪ್ಯಾರಾದಲ್ಲೇ ಇರಬೇಕು. ಓದುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ: ಒಬ್ಬ ಮೇಯರ್, ಇಲಾಖೆಯೊಂದರ ಕಾರ್ಯದರ್ಶಿ, ಹೀಗೆ ಸಹಿ ಹಾಕುವ ಅಧಿಕಾರ ಇರುವ ಒಬ್ಬರು. 'ಸರ್ಕಾರ ಕ್ರಮ ಕೈಗೊಳ್ಳಬೇಕು' ಎಂದು ಬರೆದರೆ ಯಾರಿಗೂ ಹೇಳಿದಂತಾಗುವುದಿಲ್ಲ.

ಪುಟ ಹಂಚಿಕೆ ನನ್ನ ಲೆಕ್ಕದಲ್ಲಿ ಹೀಗೆ: ಸಮಸ್ಯೆ ಮತ್ತು ಶಿಫಾರಸು ಅರ್ಧ ಪುಟ, ಸಮಸ್ಯೆಗೆ ಕಾರಣ ಒಂದು ಪುಟ, ಬೇರೆ ದಾರಿಗಳು ಮತ್ತು ಅವನ್ನು ಬಿಟ್ಟಿದ್ದೇಕೆ ಎಂಬುದು ಒಂದು ಪುಟ, ಉಳಿದ ಒಂದೂವರೆ ಪುಟ ಜಾರಿಗೆ. ಬಹಳಷ್ಟು ಮೆಮೊಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಎರಡೂವರೆ ಪುಟ ಹಿನ್ನೆಲೆಗೇ ಹೋಗಿ, ಜಾರಿಯ ಪಾಲಿಗೆ ನಾಲ್ಕು ಸಾಲು ಉಳಿದಿರುತ್ತದೆ.

ಜಾರಿ ಎಂದರೆ ಏನೆಂದು ನೋಡಲು ಪ್ರಿನ್ಸ್‌ಟನ್ ಇರುವ ನ್ಯೂಜೆರ್ಸಿಯದೇ ನ್ಯೂವರ್ಕ್ ನಗರವನ್ನು ತೆಗೆದುಕೊಳ್ಳಿ. ಅಲ್ಲಿ ಮನೆಗಳಿಗೆ ನೀರು ತರುವ ಹಳೆಯ ಕೊಳವೆಗಳಿಂದ ಸೀಸ ಕುಡಿಯುವ ನೀರಿಗೆ ಸೇರುತ್ತಿತ್ತು. 'ಕೊಳವೆ ಬದಲಿಸಿ' ಎಂದು ಯಾರು ಬೇಕಾದರೂ ಬರೆಯಬಹುದು. ತೊಡಕಿದ್ದದ್ದು ಬೇರೆ ಕಡೆ: ಕೊಳವೆ ಖಾಸಗಿ ಜಾಗದಲ್ಲಿದೆ, ಮನೆಯಲ್ಲಿರುವವರು ಬಾಡಿಗೆದಾರರು, ಒಪ್ಪಿಗೆ ಕೊಡಬೇಕಾದ ಮಾಲೀಕರು ಕೈಗೆ ಸಿಗುವುದಿಲ್ಲ. 2019ರಲ್ಲಿ ನಗರಸಭೆ ಮಾಲೀಕರ ಒಪ್ಪಿಗೆ ಇಲ್ಲದೆಯೂ ಕೆಲಸ ಮಾಡಲು ಅವಕಾಶ ಕೊಡುವ ಕಾನೂನು ತಂದಿತು, ನಿವಾಸಿಗಳಿಂದ ಹಣ ಕೇಳಲಿಲ್ಲ, ನ್ಯೂವರ್ಕ್ ಸೇರಿರುವ ಎಸೆಕ್ಸ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 12 ಕೋಟಿ ಡಾಲರ್ ಸಾಲಪತ್ರಗಳ ಮೂಲಕ ಹಣ ಒದಗಿಸಿತು. ಹತ್ತು ವರ್ಷ ಹಿಡಿಯಬಹುದಾಗಿದ್ದ ಕೆಲಸ, ಸುಮಾರು 23,000 ಕೊಳವೆಗಳದ್ದು, ಮೂರು ವರ್ಷದ ಆಸುಪಾಸಿನಲ್ಲಿ ಮುಗಿಯಿತು. ನಿಮ್ಮ ವಿಷಯ ಯಾವುದೇ ಇರಲಿ, ಆ 'ಮಾಲೀಕರ ಒಪ್ಪಿಗೆ'ಯಂಥ ಗಂಟು ಎಲ್ಲಿದೆ ಎಂದು ಹುಡುಕಿ. ಅದು ಸಿಕ್ಕರೆ ಮೆಮೊ ಮುಕ್ಕಾಲು ಬರೆದಂತೆ. ಅದಕ್ಕಾಗಿಯೇ ಹವಾಮಾನ ಬದಲಾವಣೆ, ಅಣ್ವಸ್ತ್ರ ಇತ್ಯಾದಿ ದೊಡ್ಡ ವಿಷಯಕ್ಕಿಂತ ನೀವು ಕೆಲಸ ಮಾಡಿ ಒಳಗುಟ್ಟು ತಿಳಿದಿರುವ ಸಣ್ಣ ವಿಷಯ ಮೇಲು.

ಇನ್ನು ಗಣಿತ. ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ, ಇಕಾನೊಮೆಟ್ರಿಕ್ಸ್ (ಆರ್ಥಿಕ ಪ್ರಶ್ನೆಗಳಿಗೆ ಸಂಖ್ಯಾಶಾಸ್ತ್ರ ಬಳಸುವ ವಿಧಾನ), ಮೈಕ್ರೊ ಮತ್ತು ಮ್ಯಾಕ್ರೊ ಅರ್ಥಶಾಸ್ತ್ರ ಎಲ್ಲರಿಗೂ ಕಡ್ಡಾಯ. ಆದರೆ ಇವುಗಳಲ್ಲಿ ಕೆಲವನ್ನು ಬೇರೆ ಬೇರೆ ಮಟ್ಟದಲ್ಲಿ ಕಲಿಸುತ್ತಾರೆ, ಕ್ಯಾಲ್ಕ್ಯುಲಸ್ ಗೊತ್ತಿಲ್ಲದವರಿಗೂ ಒಂದು ದಾರಿ ಇದೆ. ಪರಿಣತರ ಮಟ್ಟ ತೆಗೆದುಕೊಂಡರೆ ಹೆಚ್ಚು ಮರ್ಯಾದೆ ಎಂದುಕೊಂಡು ಶಕ್ತಿ ಮೀರಿ ಹೋಗುವುದು ಬೇಡ. ಅರ್ಜಿಯಲ್ಲಿ ನಿಮ್ಮ ಅಂಕಿಅಂಶದ ಅನುಭವವನ್ನು ತೋರಿಸಬೇಕಾಗುತ್ತದೆ: ಓದಿದ ಕೋರ್ಸ್, ಬಳಸಿದ ಪಠ್ಯಪುಸ್ತಕ, ಕೆಲಸದಲ್ಲಿ ಮಾಡಿದ ಬಜೆಟ್ ಅಥವಾ ಸಮೀಕ್ಷೆ. ಅಲ್ಲಿ ಏನೂ ಇಲ್ಲದಿದ್ದರೆ ಅರ್ಜಿಗೆ ಮೊದಲೇ ಸಂಖ್ಯಾಶಾಸ್ತ್ರದ ಒಂದು ಕೋರ್ಸನ್ನು ಪರೀಕ್ಷೆ ಬರೆದು ಮುಗಿಸಿ, ಅಂಕಪಟ್ಟಿ ಲಗತ್ತಿಸಿ. 'ಕಲಿಯುವ ಆಸಕ್ತಿ ಇದೆ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸೀಟು ಸಿಕ್ಕ ಎಂಪಿಎ ವಿದ್ಯಾರ್ಥಿಗಳಿಗೆ, ಯಾವ ದೇಶದವರೇ ಆಗಲಿ, ಪೂರ್ತಿ ಬೋಧನಾ ಶುಲ್ಕವನ್ನು ಶಾಲೆಯೇ ಭರಿಸುತ್ತದೆ. ಇದರ ಬೇರು 1961ರಲ್ಲಿ ರಾಬರ್ಟ್‌ಸನ್ ಕುಟುಂಬ ಕೊಟ್ಟ 3.5 ಕೋಟಿ ಡಾಲರ್ ದತ್ತಿಯಲ್ಲಿದೆ. ಅದರ ಉದ್ದೇಶ ಸರ್ಕಾರಿ ಸೇವೆಗೆ ಜನರನ್ನು ತಯಾರು ಮಾಡುವುದು. ಹಾಗಾಗಿ ಸಾರ್ವಜನಿಕ ಸೇವೆಯ ಗುರಿ ಅಸ್ಪಷ್ಟವಾಗಿರುವ, ಕನ್ಸಲ್ಟಿಂಗ್ ಕಡೆಗೆ ಒಂದು ಕಣ್ಣು ಇಟ್ಟಿರುವ ಅರ್ಜಿ ಅಲ್ಲಿ ತೂಕ ಕಳೆದುಕೊಳ್ಳುತ್ತದೆ. ಮೂರು ಶಿಫಾರಸು ಪತ್ರಗಳಲ್ಲಿಯೂ ಇದೇ ಕಾಣಬೇಕು. ದೊಡ್ಡ ಹುದ್ದೆಯವರಿಗಿಂತ ನಿಮ್ಮ ದಿನದ ಕೆಲಸ ಕಂಡ ಮೇಲಧಿಕಾರಿಯ ಪತ್ರ ವಾಸಿ.

ಹುಡುಕುವಾಗ ವುಡ್ರೊ ವಿಲ್ಸನ್ ಸ್ಕೂಲ್ ಎಂಬ ಹೆಸರೂ ಸಿಗುತ್ತದೆ. ಅದು ಬೇರೆ ಶಾಲೆಯಲ್ಲ: 1930ರಲ್ಲಿ ಆರಂಭವಾದ ಇದಕ್ಕೆ 1948ರಲ್ಲಿ ಆ ಹೆಸರಿಟ್ಟು 2020ರಲ್ಲಿ ತೆಗೆದರು. ಒಂದು ವರ್ಷದ ಎಂಪಿಪಿ (ಮಾಸ್ಟರ್ ಇನ್ ಪಬ್ಲಿಕ್ ಪಾಲಿಸಿ) ಎಂಬುದು ಮಾತ್ರ ಬೇರೆ ಪದವಿ, ಅದಕ್ಕೆ ಏಳು ವರ್ಷಗಳ ವೃತ್ತಿ ಅನುಭವ ಕೇಳುತ್ತಾರೆ.

ನೀವು ಅಮೆರಿಕದ ಪ್ರಜೆಯಲ್ಲದಿದ್ದರೆ ಅಲ್ಲಿನ ಒಕ್ಕೂಟ ಸರ್ಕಾರದ ಬಹುತೇಕ ಹುದ್ದೆಗಳು ನಿಮಗೆ ತೆರೆದಿರುವುದಿಲ್ಲ. ವಿಶ್ವಸಂಸ್ಥೆ, ವಿಶ್ವಬ್ಯಾಂಕ್ ಅಥವಾ ನಿಮ್ಮ ದೇಶದ ಸರ್ಕಾರ ನಿಮ್ಮ ಗುರಿಯಾಗಿದ್ದರೆ ಅದನ್ನು ಅರ್ಜಿಯ ಪ್ರಬಂಧದಲ್ಲಿ ನೇರವಾಗಿ ಬರೆಯಿರಿ. ಎರಡು ವರ್ಷಗಳ ನಡುವಿನ ಬೇಸಿಗೆಯಲ್ಲಿ ಕಡ್ಡಾಯ ಇಂಟರ್ನ್‌ಶಿಪ್ ಇದೆ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದು ಅದನ್ನು ಅಮೆರಿಕದಲ್ಲೇ ಸಂಬಳಕ್ಕೆ ಮಾಡುವುದಾದರೆ ಆ ಕೆಲಸಕ್ಕೆ ಸೇರುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಕೊಡುವ) ಅನುಮತಿ ಪಡೆಯಬೇಕು.