ಓಡಿ ಬಂದ ಆ ಒಂದು ಫೋಟೋ

ಫ್ಯಾಷನ್ ಫೋಟೋಗಳು ಯಾವಾಗಿನಿಂದ ನಮ್ಮಂಥವರಿಗೂ ಹತ್ತಿರ ಅನಿಸತೊಡಗಿದವು ಅಂತ ಕೇಳಿದ್ದೀರಿ. ನಾನು 1933ರಿಂದ ಅನ್ನುತ್ತೇನೆ. ಅದಕ್ಕೂ ಮುಂಚೆ ಮಾಡೆಲ್‌ಗಳು ಸ್ಟುಡಿಯೋದಲ್ಲಿ ಗೊಂಬೆ ಹಾಗೆ ನಿಲ್ಲುವುದೇ ಜಾಸ್ತಿ. ಆ ವರ್ಷ ಫೋಟೋಗ್ರಾಫರ್ ಮಾರ್ಟಿನ್ ಮುಂಕಾಚಿ 'ಹಾರ್ಪರ್ಸ್ ಬಜಾರ್' ಅನ್ನೋ ಫ್ಯಾಷನ್ ಪತ್ರಿಕೆಗಾಗಿ ಈಜುಡುಗೆಯ ಮಾಡೆಲನ್ನು ಸಮುದ್ರ ತೀರದಲ್ಲಿ ಓಡಿಸಿ ಫೋಟೋ ತೆಗೆದರು, ಕ್ರೀಡಾ ಫೋಟೋ ತೆಗೆದು ಪಳಗಿದ ಕೈ ಅದು. ಹಿಂದೆ ಹಾರುವ ಮೇಲುಹೊದಿಕೆ, ಓಟದ ರಭಸ. ಒಮ್ಮೆ ಹುಡುಕಿ ನೋಡಿ, ಬಟ್ಟೆಗಿಂತ ಮೊದಲು ಅವಳ ಜೀವಕಳೆಯೇ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಆಮೇಲೆ 1988ರಲ್ಲಿ ಇನ್ನೊಬ್ಬ ಫೋಟೋಗ್ರಾಫರ್ ಪೀಟರ್ ಲಿಂಡ್‌ಬರ್ಗ್ ಮಾಡೆಲ್‌ಗಳಿಗೆ ಸುಮ್ನೆ ಬಿಳಿ ಶರ್ಟ್ ತೊಡಿಸಿ ಬೀಚಿನಲ್ಲಿ ನಿಲ್ಲಿಸಿದರು. 1990ರಲ್ಲಿ 'ದಿ ಫೇಸ್' ಪತ್ರಿಕೆಗೆ ಫೋಟೋಗ್ರಾಫರ್ ಕೊರಿನ್ ಡೇ ತೆಗೆದ ಮಾಡೆಲ್ ಕೇಟ್ ಮಾಸ್ ಚಿತ್ರವಂತೂ ನನಗೆ ತುಂಬಾ ಇಷ್ಟ. ಮೂಗು ಸುಕ್ಕಾಗುವಷ್ಟು ನಗು, ಎಲ್ಲೂ ತೋರಿಕೆಯಿಲ್ಲ.