ಹೋಗಲು ಎರಡು ಗಂಟೆ, ಬರಲು ಐದು ಗಂಟೆಯಾ?

ಪ್ರಶ್ನೆ: ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೇನೆ. ವಿಮಾನ ಹತ್ತುವುದು ಇದೇ ಮೊದಲು. ಟಿಕೆಟಿನಲ್ಲಿ ಮಂಗಳೂರು ಬಿಡುವುದು ಬೆಳಿಗ್ಗೆ 8.30, ದುಬೈ ತಲುಪುವುದು 10.35. ವಾಪಸ್ ಬರುವಾಗ ಅಲ್ಲಿ ಬಿಡುವುದು 11.40, ಇಲ್ಲಿಗೆ ಸಂಜೆ 4.30. ಬರುವ ದಾರಿ ಸುತ್ತಾ? ನನಗೆ ಶುಗರ್ ಇದೆ, ಊಟದ ಹೊತ್ತು ಮೊದಲೇ ಗೊತ್ತಿರಬೇಕು.
– ಓದುಗರು, ಬ್ರಹ್ಮಾವರ

ಉತ್ತರ: ಅಮ್ಮಾ, ದಾರಿ ಒಂದೇ. ಮಂಗಳೂರು ಏರ್‌ಪೋರ್ಟ್ ಇರುವ ಬಜಪೆಯಿಂದ ದುಬೈಗೆ ನೇರ ಗೆರೆ ಎಳೆದರೆ ಸುಮಾರು 2,460 ಕಿ.ಮೀ. ಅದರಲ್ಲಿ ಹೆಚ್ಚಿನದ್ದು ಅರಬ್ಬೀ ಸಮುದ್ರ.

ಹಂಪನಕಟ್ಟೆಯ ನಮ್ಮ ಟಿಕೆಟ್ ಆಫೀಸಿನಲ್ಲೂ ಇದನ್ನು ತುಂಬಾ ಜನ ಕೇಳುತ್ತಾರೆ. ಟಿಕೆಟಿನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಹಾಕಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 10.35 ಅಂದರೆ ಬ್ರಹ್ಮಾವರದಲ್ಲಿ 12.05. ಅಲ್ಲಿಗೆ ಪ್ರಯಾಣ 3 ಗಂಟೆ 35 ನಿಮಿಷ ಆಯಿತು. ಬರುವಾಗ ಅಲ್ಲಿನ 11.40 ನಮಗೆ 1.10. ಅಲ್ಲಿಂದ 4.30ಕ್ಕೆ 3 ಗಂಟೆ 20 ನಿಮಿಷ.

ಬರುವಾಗಲೇ ಕಾಲು ಗಂಟೆ ಕಡಿಮೆ, ನೋಡಿ! ಅದು ಗಾಳಿಯ ಕೆಲಸ. ಅಷ್ಟು ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಗಂಟೆಗೆ 830 ಕಿ.ಮೀ. ಹೋಗುವ ವಿಮಾನಕ್ಕೆ 50 ಕಿ.ಮೀ. ಗಾಳಿ ಎದುರಾದರೆ ಈ ದೂರಕ್ಕೆ 3 ಗಂಟೆ 9 ನಿಮಿಷ ಬೇಕು, ಅದೇ ಗಾಳಿ ಹಿಂದಿನಿಂದ ತಳ್ಳಿದರೆ 2 ಗಂಟೆ 48 ನಿಮಿಷ ಸಾಕು. ಟಿಕೆಟಿನಲ್ಲಿ ಇದಕ್ಕಿಂತ ಜಾಸ್ತಿ ಕಾಣುವುದು ಯಾಕೆಂದರೆ, ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಮೇಲೇರುವುದು, ಇಳಿಯುವುದು, ನಿಲ್ಲುವುದು ಎಲ್ಲ ಆ ಲೆಕ್ಕದಲ್ಲಿ ಸೇರಿರುತ್ತದೆ.

ಇನ್ನು ನಿಮ್ಮ ಊಟ. ನನಗೆ ವಿಮಾನದ ಹೊತ್ತಿಗಿಂತ ಇದರದ್ದೇ ಚಿಂತೆ. 5.30ಕ್ಕೆ ಏರ್‌ಪೋರ್ಟಿನಲ್ಲಿರಬೇಕು. ಮೂಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಬಂದರೂ ಮನೆಯಿಂದ ಮೂರೂವರೆಗೆ ಹೊರಡಿ. ಆ ಹೊತ್ತಿಗೆ ತಿಂಡಿ ಸೇರುವುದಿಲ್ಲ, ಅಲ್ವಾ? ಎರಡು ಚಪಾತಿ, ಒಣ ಪಲ್ಯ ಕಟ್ಟಿಕೊಂಡು ಬನ್ನಿ, ಸೆಕ್ಯೂರಿಟಿ ಮುಗಿಸಿ ಏಳು ಗಂಟೆಗೆ ತಿನ್ನಿ. ದುಬೈಯಲ್ಲಿ ಇಳಿದು, ಪಾಸ್‌ಪೋರ್ಟಿಗೆ ಸೀಲು ಹಾಕಿಸಿ, ಲಗೇಜು ಹಿಡಿದು ಹೊರಗೆ ಬರುವಾಗ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿರುತ್ತದೆ. ಮಗಳ ಮನೆ ಮುಟ್ಟುವವರೆಗೆ ಕಾಯಬೇಡಿ, ವಿಮಾನದಲ್ಲೇ ಸ್ವಲ್ಪ ತಿನ್ನಿ.

ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯೂ. ಇನ್ಸುಲಿನ್ ಇದ್ದರೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಲೇಬೇಡಿ, ಕೆಳಗಿನ ಚಳಿಗೆ ಹೆಪ್ಪುಗಟ್ಟಿದರೆ ಪ್ರಯೋಜನಕ್ಕಿಲ್ಲ. ಆ ದಿನದ ಡೋಸಿನ ಹೊತ್ತನ್ನು ನಿಮ್ಮ ಡಾಕ್ಟರ ಹತ್ತಿರ ಮೊದಲೇ ಕೇಳಿಕೊಳ್ಳಿ. ಕೈಗಡಿಯಾರವನ್ನು ಮಗಳ ಮನೆ ಸೇರುವ ತನಕ ತಿರುಗಿಸಬೇಡಿ.